ಹುಟ್ಟು ಹಾಕಿದವರ ಹೃದಯ

1867ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ಒಂದು ಪತ್ರ ಅಚ್ಚಾಯಿತು. ಬರೆದವರು ಫ್ರೆಡ್ರಿಕ್ ಸ್ಕೇ, ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ಹೆಸರಾಂತ ಶಸ್ತ್ರವೈದ್ಯರು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿದ್ಯಾರ್ಥಿಗಳು ಥೇಮ್ಸ್ ನದಿಯಲ್ಲಿ ವರ್ಷವರ್ಷ ನಡೆಸುವ ದೋಣಿ ಸ್ಪರ್ಧೆಯನ್ನು ಅವರು ಕಟುವಾಗಿ ಖಂಡಿಸಿದ್ದರು. ಸುಮಾರು ಏಳು ಕಿಲೋಮೀಟರ್ ದೂರ. ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕಾಲ ಒಂದೇ ಸಮನೆ ಹುಟ್ಟು ಹಾಕಬೇಕು. ಇಪ್ಪತ್ತರ ಹರೆಯದ ಹುಡುಗರ ಎದೆ ಇಷ್ಟು ಒತ್ತಡ ತಾಳಲಾರದು, ಗೆದ್ದವನೂ ಮುಂದೆ ಹೃದ್ರೋಗಿಯಾಗುತ್ತಾನೆ ಎಂಬುದು ಅವರ ವಾದ. ಪತ್ರ ಓದಿದ ತಂದೆತಾಯಿಗಳು ಗಾಬರಿಯಾದರು. ವಾದ ವಿವಾದ ವಾರಗಟ್ಟಲೆ ನಡೆಯಿತು.

ಈ ಗಾಬರಿ ನಮಗೆ ಅಪರಿಚಿತವಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ 46 ವರ್ಷ. ಅಂದು ಬೆಳಿಗ್ಗೆ ವ್ಯಾಯಾಮ ಮಾಡಿದ್ದರು ಎಂಬ ಸುದ್ದಿಯ ಬೆನ್ನಿಗೇ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದರು. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ ಬರತೊಡಗಿದಾಗ ಮತ್ತೆ ಅದೇ ನೂಕುನುಗ್ಗಲು. ಆ ದಿನಗಳಲ್ಲಿ ಕಲಬುರಗಿಯ ಮೋಮಿನಪುರದ ಕಡೆ ಹೋದರೆ ಚಹಾದಂಗಡಿಯ ಬೆಂಚಿನ ಮೇಲೆ ಒಂದೇ ಮಾತು. ಒಬ್ಬ ಹಿರಿಯರು ನನ್ನನ್ನು ತಡೆದು ಕೇಳಿದರು: “ನಮ್ಮ ಹುಡುಗ ದಿನಾ ಜಿಮ್ಮಿಗಿ ಹೋಗ್ತಾನ್ರೀ, ಬಂದ್ ಮಾಡಸ್ಲೇನು?”

ಈ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ಒಂದೂವರೆ ಶತಮಾನದಿಂದ ವೈದ್ಯವಿಜ್ಞಾನ ಇದೇ ಪ್ರಶ್ನೆಯ ಜತೆ ಗುದ್ದಾಡುತ್ತ ಬಂದಿದೆ. ಅದರ ಮೊದಲ ಗಟ್ಟಿ ಉತ್ತರ ಬಂದದ್ದು ತಾನೇ ಹುಟ್ಟು ಹಿಡಿದಿದ್ದ ಒಬ್ಬ ವೈದ್ಯನಿಂದ.

ಅವರ ಹೆಸರು ಜಾನ್ ಎಡ್ವರ್ಡ್ ಮಾರ್ಗನ್. ಮ್ಯಾಂಚೆಸ್ಟರಿನ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯಲ್ಲಿ ವೈದ್ಯರು, ಅಲ್ಲಿನ ಓವೆನ್ಸ್ ಕಾಲೇಜಿನಲ್ಲಿ ಪ್ರಾಧ್ಯಾಪಕರು. ಓದುವ ಕಾಲದಲ್ಲಿ ಆಕ್ಸ್‌ಫರ್ಡಿನ ಯೂನಿವರ್ಸಿಟಿ ಕಾಲೇಜಿನ ದೋಣಿ ತಂಡಕ್ಕೆ ಕ್ಯಾಪ್ಟನ್ ಆಗಿದ್ದವರು. ಸ್ಕೇ ಹೇಳಿದ್ದು ಅವರ ಸ್ವಂತ ಅನುಭವಕ್ಕೆ ಒಪ್ಪುವಂತಿರಲಿಲ್ಲ. ಹಾಗೆಂದು ‘ನನಗೇನೂ ಆಗಿಲ್ಲ’ ಎಂದು ಪತ್ರಿಕೆಗೆ ಇನ್ನೊಂದು ಪತ್ರ ಬರೆದು ಅವರು ಸುಮ್ಮನಾಗಲಿಲ್ಲ. 1829ರಲ್ಲಿ ನಡೆದ ಮೊಟ್ಟಮೊದಲ ಸ್ಪರ್ಧೆಯಿಂದ 1869ರವರೆಗೆ ಆ ದೋಣಿಗಳಲ್ಲಿ ಕೂತು ಹುಟ್ಟು ಹಾಕಿದ ಪ್ರತಿಯೊಬ್ಬರನ್ನೂ ಹುಡುಕಿದರು. ಒಟ್ಟು 294 ಮಂದಿ. ಕೆಲವರು ಪಾದ್ರಿಗಳಾಗಿದ್ದರು, ಕೆಲವರು ವಕೀಲರು, ಇನ್ನು ಕೆಲವರು ವಸಾಹತುಗಳಿಗೆ ಹೋಗಿ ನೆಲೆಸಿದ್ದರು. ಬದುಕಿದ್ದವರಿಗೆ ನೇರವಾಗಿ ಕಾಗದ ಬರೆದರು. ತೀರಿಕೊಂಡವರ ವಿಚಾರವನ್ನು ಬಂಧುಗಳಿಂದ, ಗೆಳೆಯರಿಂದ ತಿಳಿದುಕೊಂಡರು. ಆರೋಗ್ಯ ಹೇಗಿದೆ, ಆ ದಿನಗಳ ಶ್ರಮದಿಂದ ಕೆಡುಕಾಯಿತೇ, ಒಳಿತಾಯಿತೇ ಎಂದು ಕೇಳಿದರು.

ಜನ ಉತ್ತರಿಸಿದರು. ಕೇಳುತ್ತಿರುವವನೂ ದೋಣಿಯಲ್ಲಿ ಕೂತವನೇ ಎಂಬುದು ಇಲ್ಲಿ ಕೆಲಸ ಮಾಡಿತು ಎಂದು ನನಗನ್ನಿಸುತ್ತದೆ. ಕೊನೆಯ ಕಿಲೋಮೀಟರಿನಲ್ಲಿ ಎದೆ ಹೇಗೆ ಉರಿಯುತ್ತದೆ, ಕಣ್ಣಿಗೆ ಹೇಗೆ ಕತ್ತಲೆ ಕಟ್ಟುತ್ತದೆ ಎಂದು ಬಲ್ಲವನಿಗೆ ತಮ್ಮ ದೇಹದ ಕಥೆ ಹೇಳಲು ಯಾರಿಗೂ ಸಂಕೋಚವಾಗಲಿಲ್ಲ. 1873ರಲ್ಲಿ ‘ಯೂನಿವರ್ಸಿಟಿ ಓರ್ಸ್’ ಎಂಬ ಪುಸ್ತಕವಾಗಿ ಎಲ್ಲವೂ ಹೊರಬಂತು. 115 ಮಂದಿಗೆ ಒಳಿತಾಗಿತ್ತು. 162 ಮಂದಿಗೆ ಯಾವ ಹಾನಿಯೂ ಆಗಿರಲಿಲ್ಲ. ಕೆಡುಕಾಯಿತು ಎಂಬ ಲೆಕ್ಕಕ್ಕೆ ಬಂದವರು 17. ವಿಮಾ ಕಂಪನಿಗಳು ಬಳಸುವಂಥ ಆಯುಷ್ಯ ಕೋಷ್ಟಕದ ಪ್ರಕಾರ ಆಗ ಇಪ್ಪತ್ತು ವರ್ಷದ ಇಂಗ್ಲಿಷ್ ಯುವಕ ಇನ್ನೂ ಸುಮಾರು 40 ವರ್ಷ ಬದುಕುತ್ತಾನೆ ಎಂಬ ಎಣಿಕೆ ಇತ್ತು. ಹುಟ್ಟು ಹಾಕಿದವರಿಗೆ ಅದು 42 ಎಂದು ಮಾರ್ಗನ್ ಲೆಕ್ಕ ಹಾಕಿದರು. ಬಾಳು ಮೊಟಕಾಗುವುದಿರಲಿ, ಎರಡು ವರ್ಷ ಹೆಚ್ಚೇ ಇತ್ತು.

ಈ ಲೆಕ್ಕದಲ್ಲಿ ಒಂದು ತೊಡಕಿದೆ, ಅದನ್ನು ಈಗಲೇ ಹೇಳಿಬಿಡಬೇಕು. ದೋಣಿಗೆ ಆರಿಸುವುದೇ ಗಟ್ಟಿಮುಟ್ಟಾದ ಹುಡುಗರನ್ನು. ಅವರಲ್ಲಿ ಬಹುಪಾಲು ಉಳ್ಳವರ ಮನೆಯ ಮಕ್ಕಳು. ಹೊಟ್ಟೆ ತುಂಬ ಊಟ, ಗಾಳಿಯಾಡುವ ಮನೆ, ಕರೆದರೆ ಬರುವ ವೈದ್ಯರು ಅವರಿಗಿದ್ದರು. ಮ್ಯಾಂಚೆಸ್ಟರಿನ ಗಿರಣಿ ಕಾರ್ಮಿಕರನ್ನೂ ಒಳಗೊಂಡ ಇಡೀ ದೇಶದ ಸರಾಸರಿಯ ಜತೆ ಇವರನ್ನು ಹೋಲಿಸಿದರೆ ಇವರು ಹೆಚ್ಚು ಬದುಕಲೇಬೇಕು. ಆದ್ದರಿಂದ ದೋಣಿ ಆಯುಷ್ಯ ಕೊಟ್ಟಿತು ಎನ್ನಲು ಈ ಎರಡು ವರ್ಷ ಸಾಲದು. ದೋಣಿ ಹುಡುಗರನ್ನು ಕೊಲ್ಲುತ್ತಿಲ್ಲ ಎನ್ನಲು ಮಾತ್ರ ಧಾರಾಳವಾಗಿ ಸಾಕು. ಸ್ಕೇ ಎತ್ತಿದ್ದ ಭಯ ಅಲ್ಲಿಗೆ ತಣ್ಣಗಾಯಿತು.

ಮುಂದೆ ಬಂದವರು ಹೋಲಿಕೆಯನ್ನು ತಿದ್ದಿದರು. ಕೇಂಬ್ರಿಜ್‌ನ ಆಟಗಾರರನ್ನು ಅದೇ ಕೇಂಬ್ರಿಜ್‌ನ ಓದಾಳಿಗಳ ಜತೆ ಇಟ್ಟು ನೋಡಿದ ಅಲನ್ ರೂಕ್, 1954ರಲ್ಲಿ, ಇಬ್ಬರ ಆಯುಷ್ಯದಲ್ಲೂ ಅಂಥ ವ್ಯತ್ಯಾಸವಿಲ್ಲವೆಂದೂ ಓದಾಳಿಗಳೇ ತುಸು ಮುಂದಿದ್ದಾರೆಂದೂ ತೋರಿಸಿದರು. ಹಾರ್ವರ್ಡ್ ಮತ್ತು ಯೇಲ್‌ನ ಹಳೆಯ ರೋವರ್‌ಗಳನ್ನು, ಅಂದರೆ ಹುಟ್ಟು ಹಾಕಿದವರನ್ನು, ಅವರವರ ಸಹಪಾಠಿಗಳ ಜತೆ ಹೋಲಿಸಿದ ಕರ್ಟಿಸ್ ಪ್ರೌಟ್ 1972ರಲ್ಲಿ ಬೇರೆಯದನ್ನೇ ಕಂಡರು: ರೋವರ್‌ಗಳು ಆರು ವರ್ಷಕ್ಕೂ ಹೆಚ್ಚು ಬಾಳಿದ್ದರು. 2012ರಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಒಲಿಂಪಿಕ್ ಪದಕ ವಿಜೇತರ ಲೆಕ್ಕ ಬಂತು. ತಮ್ಮ ತಮ್ಮ ದೇಶದ ಸಾಮಾನ್ಯರಿಗಿಂತ ಅವರು ಸರಾಸರಿ 2.8 ವರ್ಷ ಹೆಚ್ಚು ಬದುಕಿದ್ದರು. ಅಂಕಿಗಳು ಹೊಯ್ದಾಡುತ್ತವೆ. ಆದರೆ ಕಠಿಣ ಶ್ರಮ ಆರೋಗ್ಯವಂತ ಹೃದಯವನ್ನು ಸವೆಸಿಬಿಡುತ್ತದೆ ಎಂಬ ಮಾತಿಗೆ ಇವುಗಳಲ್ಲಿ ಒಂದೂ ಆಸರೆ ಕೊಡುವುದಿಲ್ಲ.

ಹಾಗಾದರೆ ಹುಟ್ಟು ಹಾಕುವಾಗ ಹೃದಯದ ಒಳಗೆ ನಡೆಯುವುದೇನು?

ಕಲಬುರಗಿಯಲ್ಲಿ ರೋಯಿಂಗ್ ನಡೆಸುವಂಥ ಉದ್ದನೆಯ ನೀರಿಲ್ಲ. ಅಪ್ಪನ ಕೆರೆಯ ದೋಣಿ ವಿಹಾರಕ್ಕೆ. ಕಮಲಾಪುರದ ಕಡೆಯ ಗಂಡೋರಿ ನಾಲಾ ಜಲಾಶಯದ ನೀರು ಹೊಲಕ್ಕೆ. ಆದರೆ ರೋಯಿಂಗ್ ಯಂತ್ರ ಈಗ ಎಷ್ಟೋ ಜಿಮ್ಮುಗಳಲ್ಲಿದೆ. ಅದರ ಮೇಲೆ ಕೂತವರನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮೊಣಕಾಲು ಎದೆಗೆ ಬರುವಂತೆ ಮಡಚಿ, ಕೈ ಚಾಚಿ, ಹಿಡಿ ಹಿಡಿದು ಕೂರುತ್ತಾರೆ. ಮೊದಲು ಕಾಲು ಒದೆಯುತ್ತದೆ, ಆಸನ ಹಿಂದೆ ಜಾರುತ್ತದೆ. ಕಾಲು ನೆಟ್ಟಗಾಗುತ್ತಿದ್ದಂತೆ ಬೆನ್ನು ಹಿಂದೆ ವಾಲುತ್ತದೆ. ಕೊನೆಗೆ ತೋಳು ಮಡಚಿ ಹಿಡಿಯನ್ನು ಪಕ್ಕೆಲುಬಿನ ತನಕ ಎಳೆಯುತ್ತದೆ. ದೋಣಿ ನಡೆಸುವುದು ತೋಳು ಎಂದುಕೊಂಡವರೇ ಹೆಚ್ಚು. ದೊಡ್ಡ ಕೆಲಸ ಮಾಡುವುದು ತೊಡೆ. ಜಾರುವ ಆಸನ ಆಕ್ಸ್‌ಫರ್ಡ್–ಕೇಂಬ್ರಿಜ್ ಸ್ಪರ್ಧೆಗೆ ಬಂದದ್ದು 1873ರಲ್ಲಿ, ಮಾರ್ಗನ್ ಪುಸ್ತಕ ಬಂದ ವರ್ಷವೇ. ಅವರು ಲೆಕ್ಕಕ್ಕೆ ಹಿಡಿದವರೆಲ್ಲ ಅಲುಗದ ಹಲಗೆಯ ಮೇಲೆ ಕೂತು ಬೆನ್ನು, ತೋಳುಗಳಿಂದಲೇ ಎಳೆದವರು.

ಇಂದಿನ ಒಲಿಂಪಿಕ್ ಸ್ಪರ್ಧೆ 2,000 ಮೀಟರ್. ದೋಣಿಯ ಬಗೆಯನ್ನು ನೋಡಿಕೊಂಡು ಐದೂವರೆಯಿಂದ ಏಳೂವರೆ ನಿಮಿಷ ಹಿಡಿಯುತ್ತದೆ, ಇನ್ನೂರಕ್ಕೂ ಹೆಚ್ಚು ಎಳೆತ. ಪ್ರತಿ ಎಳೆತದ ಮೊದಲಲ್ಲಿ ಉಸಿರು ಒಂದು ಕ್ಷಣ ಬಿಗಿಹಿಡಿಯುತ್ತದೆ, ಹೊಟ್ಟೆ ಕಲ್ಲಾಗುತ್ತದೆ, ರಕ್ತದೊತ್ತಡ ಸರ್ರನೆ 200ರ ಆಸುಪಾಸಿಗೆ ಏರಿ ಇಳಿಯುತ್ತದೆ. ಭಾರ ಎತ್ತುವವರ ಹೃದಯಕ್ಕೆ ಬೀಳುವ ಹೊರೆ ಇಂಥದ್ದು. ಇತ್ತ ಕಾಲು, ಬೆನ್ನು, ತೋಳುಗಳ ಅಷ್ಟೂ ಸ್ನಾಯು ಒಟ್ಟಿಗೇ ಆಮ್ಲಜನಕ ಬೇಡುತ್ತವೆ. ಸುಮ್ಮನೆ ಕೂತಾಗ ನಿಮಿಷಕ್ಕೆ ಐದು ಲೀಟರ್ ರಕ್ತ ಹರಿಸುವ ಹೃದಯ, ಅಗ್ರ ಶ್ರೇಣಿಯ ರೋವರ್‌ನಲ್ಲಿ ಮೂವತ್ತು ಲೀಟರ್ ದಾಟುತ್ತದೆ. ಇದು ಮ್ಯಾರಥಾನ್ ಓಟಗಾರರ ಹೊರೆ. ಒತ್ತಡದ ಹೊರೆ, ಹರಿವಿನ ಹೊರೆ, ಎರಡನ್ನೂ ಒಟ್ಟಿಗೆ ಇಷ್ಟು ಜೋರಾಗಿ ಹೇರುವ ಆಟಗಳು ಬಹಳ ಇಲ್ಲ.

ವರ್ಷಗಟ್ಟಲೆ ಹೀಗೆ ದುಡಿದ ಹೃದಯ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ. ಹರಿವಿಗಾಗಿ ಎಡ ಹೃತ್ಕುಕ್ಷಿ ಹಿಗ್ಗುತ್ತದೆ, ಒತ್ತಡಕ್ಕಾಗಿ ಅದರ ಗೋಡೆ ದಪ್ಪಗಾಗುತ್ತದೆ. ದೊಡ್ಡ ಕೊಡ ಇದ್ದವರು ಬಾವಿಗೆ ಕಡಿಮೆ ಸಲ ಹೋದರೂ ಸಾಕಲ್ಲ, ಹಾಗೆ ವಿಶ್ರಾಂತಿಯಲ್ಲಿ ಇವರ ನಾಡಿ ನಿಮಿಷಕ್ಕೆ ನಲವತ್ತಕ್ಕೆ ಇಳಿದಿರುವುದುಂಟು. 1899ರಲ್ಲಿ ಸ್ವೀಡನ್ನಿನ ಹೆನ್ಶೆನ್ ಹಿಮದ ಮೇಲೆ ಜಾರುವ ಸ್ಕೀ ಪಟುಗಳ ಎದೆಯನ್ನು ಬೆರಳಿನಿಂದ ತಟ್ಟಿ, ಸದ್ದು ಬದಲಾಗುವ ಅಂಚು ಗುರುತಿಸಿ, ಹೃದಯ ದೊಡ್ಡದಾಗಿದೆ ಎಂದು ಕಂಡುಹಿಡಿದರು. ಅದೇ ವರ್ಷ ಅಮೆರಿಕದಲ್ಲಿ ಯೂಜೀನ್ ಡಾರ್ಲಿಂಗ್ ಹಾರ್ವರ್ಡ್ ದೋಣಿ ತಂಡದವರಲ್ಲೂ ಇದನ್ನೇ ಕಂಡರು. ಬರಿಗೈ ಬೆರಳಿನಿಂದ ಇಷ್ಟು ಪತ್ತೆ ಹಚ್ಚಿದ್ದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಅಳತೆ ಸಿಕ್ಕಿದ್ದು ಎಕೋ ಯಂತ್ರ ಬಂದ ಮೇಲೆ. ಇಟಲಿಯ ಅಂತೋನಿಯೊ ಪೆಲ್ಲಿಚಿಯಾ ಮತ್ತು ಸಂಗಡಿಗರು 947 ಅಗ್ರ ಕ್ರೀಡಾಪಟುಗಳ ಹೃದಯದ ಗೋಡೆಯನ್ನು ಅಳೆದು 1991ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಮಾನ್ಯವಾಗಿ 12 ಮಿಲಿಮೀಟರ್ ಮೀರದ ಗೋಡೆ 13 ಅಥವಾ ಹೆಚ್ಚು ಇದ್ದದ್ದು ಬರೀ 16 ಜನರಲ್ಲಿ. ಒಬ್ಬ ಸೈಕಲ್ ಪಟು. ಉಳಿದ 15 ಮಂದಿಯೂ ರೋಯಿಂಗ್ ಅಥವಾ ಕನೂಯಿಂಗ್‌ನವರು. ದೋಣಿ ಹೃದಯವನ್ನು ಹೇಗೆ ರೂಪಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಾನು ಕಂಡಿಲ್ಲ.

ವೈದ್ಯರಿಗೆ ತಲೆನೋವು ಶುರುವಾಗುವುದೂ ಇಲ್ಲೇ. ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಎಂಬ ವಂಶವಾಹಿ ಕಾಯಿಲೆಯಲ್ಲೂ ಹೃದಯದ ಗೋಡೆ ದಪ್ಪವಾಗುತ್ತದೆ. ಸುಮಾರು 500 ಜನರಲ್ಲಿ ಒಬ್ಬರಿಗೆ ಇರುವ ಈ ಕಾಯಿಲೆ, ಆಡುತ್ತಾಡುತ್ತ ಕುಸಿದು ಬೀಳುವ ಎಳೆಯರ ಸಾವಿಗೆ ಮುಖ್ಯ ಕಾರಣಗಳಲ್ಲೊಂದು. 13ರಿಂದ 15 ಮಿಲಿಮೀಟರಿನ ನಡುವೆ ಗೋಡೆ ನೋಡಿದರೆ ಇದು ಸಾಧನೆಯೋ ಕಾಯಿಲೆಯೋ ಹೇಳುವುದು ಕಷ್ಟ. ತಪ್ಪು ಯಾವ ಕಡೆ ಆದರೂ ನಷ್ಟವೇ. ಆರೋಗ್ಯವಂತ ಹುಡುಗಿಯ ಆಟ ನಿಂತುಹೋಗಬಹುದು, ಇಲ್ಲವೇ ಕಾಯಿಲೆಯ ಹುಡುಗ ಮೈದಾನಕ್ಕೆ ಇಳಿಯಬಹುದು. ಆದ್ದರಿಂದ ಹೃದ್ರೋಗ ತಜ್ಞರು ಗೋಡೆಯೊಂದನ್ನೇ ನೋಡುವುದಿಲ್ಲ, ಒಳಗಿನ ಕುಳಿಯನ್ನೂ ನೋಡುತ್ತಾರೆ. ಕ್ರೀಡಾಪಟುವಿನ ಕುಳಿ ಹಿಗ್ಗಿರುತ್ತದೆ, ರೋಗಿಯದು ಹೆಚ್ಚಾಗಿ ಕಿರಿದಾಗಿರುತ್ತದೆ. ಎರಡು ಬಡಿತದ ನಡುವೆ ಹೃದಯ ಎಷ್ಟು ಸಲೀಸಾಗಿ ಸಡಿಲಗೊಂಡು ರಕ್ತ ತುಂಬಿಕೊಳ್ಳುತ್ತದೆ ಎಂದು ಅಳೆಯುತ್ತಾರೆ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡರೇ ಎಂದು ಕೇಳುತ್ತಾರೆ. ಎಲ್ಲ ಮಾಡಿಯೂ ಅನುಮಾನ ಉಳಿದರೆ ತರಬೇತಿ ನಿಲ್ಲಿಸಿ ಕಾಯುತ್ತಾರೆ. 1988ರ ಸಿಯೋಲ್ ಒಲಿಂಪಿಕ್ಸ್ ನಂತರ ಆರು ಕ್ರೀಡಾಪಟುಗಳು ಹೀಗೆ ಕೆಲವು ವಾರ ಸುಮ್ಮನಿದ್ದಾಗ ಅವರ ಗೋಡೆ ಸರಾಸರಿ 13.8ರಿಂದ 10.5 ಮಿಲಿಮೀಟರಿಗೆ ಇಳಿಯಿತು. ಕಾಯಿಲೆಯ ಗೋಡೆ ಹಾಗೆ ಇಳಿಯುವುದಿಲ್ಲ.

ಮೋಮಿನಪುರದ ಆ ಹಿರಿಯರ ಪ್ರಶ್ನೆಗೆ ಉತ್ತರವೂ ಇದರಲ್ಲಿದೆ. ಮೂವತ್ತೈದು ದಾಟಿದವರು ಶ್ರಮದ ನಡುವೆ ಕುಸಿದರೆ ಹೆಚ್ಚಿನ ಸಲ ಅದಕ್ಕೆ ಕಾರಣ ಹೃದಯದ ರಕ್ತನಾಳದಲ್ಲಿ ಮೊದಲೇ ಕಟ್ಟಿಕೊಂಡಿದ್ದ ಕೊಬ್ಬು. ದಕ್ಷಿಣ ಏಷ್ಯಾದ ನಮಗೆ ಮೊದಲ ಹೃದಯಾಘಾತ ಉಳಿದ ಜಗತ್ತಿಗಿಂತ ಐದಾರು ವರ್ಷ ಮುಂಚೆಯೇ ಬರುತ್ತದೆ ಎಂದು ಇಂಟರ್‌ಹಾರ್ಟ್ ಅಧ್ಯಯನ ತೋರಿಸಿದೆ. ಹಾಸನದ ಸಾವುಗಳ ತನಿಖೆಗೆ ಸರ್ಕಾರ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ಮಾಡಿದಾಗ ಅದು ಒಂದೊಂದೇ ಸಾವಿನ ವಿವರ ಬಿಡಿಸಿ ನೋಡಿತು. ಹಲವರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಮದ್ಯಪಾನದಂಥ ಗೊತ್ತಿರುವ ಕಾರಣಗಳೇ ಕಂಡವು. ಹುಡುಗ ಜಿಮ್ಮಿಗೆ ಹೋಗಲಿ ಎಂದು ಆ ಹಿರಿಯರಿಗೆ ಹೇಳಿದೆ. ಶ್ರಮದ ನಡುವೆ ತಲೆ ಸುತ್ತಿ ಬಿದ್ದರೆ, ಎದೆ ಹಿಡಿದುಕೊಂಡರೆ, ವಂಶದಲ್ಲಿ ಚಿಕ್ಕ ವಯಸ್ಸಿನ ಸಾವಿದ್ದರೆ ಮಾತ್ರ ತಡಮಾಡದೆ ಇಸಿಜಿ, ಎಕೋ ಮಾಡಿಸಿ ಎಂದೆ. ಜಯದೇವ ಈಗ ಕಲಬುರಗಿಯಲ್ಲೇ ಇದೆ, ಬೆಂಗಳೂರಿನ ರೈಲು ಹತ್ತಬೇಕಿಲ್ಲ.

ಕಥೆಗೆ ಇನ್ನೊಂದು ಮಗ್ಗುಲಿದೆ. ಬಹಳ ವರ್ಷ ಬಹಳ ಜೋರಾಗಿ ದುಡಿದ ಹೃದಯದ ಮೇಲಿನ ಕೋಣೆಗಳೂ ಹಿಗ್ಗುತ್ತವೆ, ಆಗ ಲಯ ತಪ್ಪುವ ಸಾಧ್ಯತೆ ಹೆಚ್ಚು. ಇದಕ್ಕೆ ಏಟ್ರಿಯಲ್ ಫಿಬ್ರಿಲೇಶನ್ ಎನ್ನುತ್ತಾರೆ. ನ್ಯೂಜಿಲೆಂಡಿನ ರಾಬ್ ವಾಡೆಲ್ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಒಬ್ಬರೇ ನಡೆಸುವ ದೋಣಿಯಲ್ಲಿ ಚಿನ್ನ ಗೆದ್ದವರು. 2008ರಲ್ಲಿ ಮಾಹೆ ಡ್ರೈಸ್ಡೇಲ್ ಜತೆಗಿನ ಆಯ್ಕೆ ಸ್ಪರ್ಧೆಯ ನಿರ್ಣಾಯಕ ಓಟದಲ್ಲಿ ಅವರ ಹೃದಯದ ತಾಳ ತಪ್ಪಿತು, ಆ ದೋಣಿಯ ಸ್ಥಾನ ಕೈತಪ್ಪಿತು. ಆಸ್ಟ್ರೇಲಿಯಾದ ಮಾಜಿ ಅಗ್ರ ರೋವರ್‌ಗಳ ಮೇಲಿನ ಈಚಿನ ಅಧ್ಯಯನದಲ್ಲಿ ಐವರಲ್ಲಿ ಸುಮಾರು ಒಬ್ಬರಿಗೆ ಈ ತೊಂದರೆ ಇತ್ತು. ಸ್ಕೇ ಪೂರ್ತಿ ತಪ್ಪಿರಲಿಲ್ಲ ಎಂದು ಅವರ ಪರವಾಗಿ ಇಷ್ಟನ್ನು ಹೇಳಬೇಕು. ಆದರೆ ಇದು ದಿನಕ್ಕೆರಡು ಹೊತ್ತು ವರ್ಷಗಟ್ಟಲೆ ಬೆವರು ಸುರಿಸಿದವರ ಮಾತು. ಸಂಜೆ ಒಂದು ತಾಸು ಜಿಮ್ಮಿಗೆ ಹೋಗುವ ಹುಡುಗನಿಗೆ ಇದನ್ನು ಅಂಟಿಸುವಂತಿಲ್ಲ.

ಹುಟ್ಟು ಹಿಡಿದು ವೈದ್ಯರಾದವರು ಮಾರ್ಗನ್ ನಂತರವೂ ಬಂದರು. ರ‍್ಯಾನ್ ಲಾರಿ ಎಂಬ ಇಂಗ್ಲಿಷರು ಸುಡಾನಿನಲ್ಲಿ ಆಡಳಿತಾಧಿಕಾರಿಯಾಗಿದ್ದು, ಹತ್ತು ವರ್ಷ ಸ್ಪರ್ಧೆಯಿಂದ ಹೆಚ್ಚುಕಡಿಮೆ ದೂರವೇ ಉಳಿದು, ರಜೆಯಲ್ಲಿ ಬಂದು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಜಾಕ್ ವಿಲ್ಸನ್ ಜತೆ ಚಿನ್ನ ಗೆದ್ದರು. ವೈದ್ಯ ಶಿಕ್ಷಣ ಪಡೆದದ್ದು ಆಮೇಲೆ. ಮುಂದೆ ಆಕ್ಸ್‌ಫರ್ಡಿನಲ್ಲಿ ಕುಟುಂಬ ವೈದ್ಯರಾಗಿ ಕೆಲಸ ಮಾಡಿದರು. ಟಿವಿಯ ‘ಹೌಸ್’ ಧಾರಾವಾಹಿಯ ವೈದ್ಯನಾಗಿ ನಟಿಸಿದ ಹ್ಯೂ ಲಾರಿ ಅವರ ಮಗ.

ಎಲ್ಲರಿಗಿಂತ ಹೆಸರಾದವರು ಬೆಂಜಮಿನ್ ಸ್ಪಾಕ್. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಯೇಲ್‌ನ ಎಂಟು ಜನರ ದೋಣಿಯಲ್ಲಿ ಅವರಿದ್ದರು. 1929ರಲ್ಲಿ ಕೊಲಂಬಿಯಾದಿಂದ ವೈದ್ಯರಾಗಿ ಹೊರಬಂದು ಮಕ್ಕಳ ತಜ್ಞರಾದರು. 1946ರಲ್ಲಿ ಬಂದ ಅವರ ಶಿಶುಪಾಲನೆಯ ಪುಸ್ತಕ ಕೋಟಿಗಟ್ಟಲೆ ಪ್ರತಿ ಮಾರಾಟವಾಯಿತು. ಮಗುವನ್ನು ಎತ್ತಿಕೊಳ್ಳಿ, ಮುದ್ದಿಸಿ, ನಿಮ್ಮ ಮನಸ್ಸು ಹೇಳುವುದನ್ನು ನಂಬಿ ಎಂದು ಒಂದು ತಲೆಮಾರಿನ ತಾಯಂದಿರಿಗೆ ಧೈರ್ಯ ತುಂಬಿದವರು ಅವರು. ಆದರೆ 1950ರ ದಶಕದ ಆವೃತ್ತಿಯೊಂದರಲ್ಲಿ ಮಗುವನ್ನು ಬೋರಲಾಗಿ ಮಲಗಿಸುವುದು ಒಳ್ಳೆಯದು, ವಾಂತಿ ಮಾಡಿಕೊಂಡರೂ ಉಸಿರು ಕಟ್ಟುವುದಿಲ್ಲ ಎಂದು ಸಲಹೆ ಕೊಟ್ಟರು. ಕೇಳಲು ಸರಿ ಎನ್ನಿಸುವ ಮಾತು, ಆ ಕಾಲದ ಬೇರೆ ವೈದ್ಯರೂ ಹೇಳುತ್ತಿದ್ದದ್ದು. ಬೋರಲು ಮಲಗಿದ ಕೂಸು ನಿದ್ದೆಯಲ್ಲೇ ತೀರಿಕೊಳ್ಳುವ ಅಪಾಯ ಹೆಚ್ಚು ಎಂಬುದು ಸತ್ತ ಮಕ್ಕಳನ್ನೂ ಬದುಕಿದ ಮಕ್ಕಳನ್ನೂ ಅಕ್ಕಪಕ್ಕ ಇಟ್ಟು ಎಣಿಸಿದ ಮೇಲಷ್ಟೇ ತಿಳಿಯಿತು. 1990ರ ದಶಕದಲ್ಲಿ ಬ್ರಿಟನ್, ಅಮೆರಿಕಗಳಲ್ಲಿ ‘ಅಂಗಾತ ಮಲಗಿಸಿ’ ಎಂಬ ಪ್ರಚಾರ ನಡೆದಾಗ ಅಂಥ ಸಾವು ಅರ್ಧಕ್ಕೂ ಕೆಳಗಿಳಿದವು. ಎಣಿಕೆ ಮೊದಲೇ ನಡೆದಿದ್ದರೆ ಹತ್ತಾರು ಸಾವಿರ ಕೂಸುಗಳು ಉಳಿಯುತ್ತಿದ್ದವು ಎಂದು 2005ರಲ್ಲಿ ಸಂಶೋಧಕರು ಅಂದಾಜು ಮಾಡಿದರು. ಸ್ಪಾಕ್ ಅವರ ಕರುಣೆ ದೊಡ್ಡದು, ಮಾರ್ಗನ್ ಅವರ ಖ್ಯಾತಿ ಸಣ್ಣದು. ಆದರೂ ವೈದ್ಯರಾಗ ಹೊರಟವರಿಗೆ ಮೊದಲು ಮಾರ್ಗನ್ ಅವರನ್ನು ಓದಿ ಎಂದೇ ನಾನು ಹೇಳುವುದು. ದೋಣಿಯ ಅನುಭವ ಅವರಿಗೆ ಪ್ರಶ್ನೆ ಕೊಟ್ಟಿತು, ಉತ್ತರವನ್ನು ಅವರು 294 ಜನರಿಂದ ಪಡೆದರು.

ನಮ್ಮ ಕಾಲದಲ್ಲಿ ಇಮೋಜೆನ್ ಗ್ರಾಂಟ್ ಇದ್ದಾರೆ. ಕೇಂಬ್ರಿಜ್‌ಗೆ ವೈದ್ಯ ವಿದ್ಯಾರ್ಥಿನಿಯಾಗಿ ಸೇರಿದ ಮೇಲೆ ಹುಟ್ಟು ಹಿಡಿದವರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಹಗುರ ತೂಕದ ಇಬ್ಬರ ದೋಣಿಯಲ್ಲಿ, ಎಮಿಲಿ ಕ್ರೇಗ್ ಜತೆ, ಸೆಕೆಂಡಿನ ನೂರರಲ್ಲೊಂದು ಭಾಗದಿಂದ ಕಂಚು ತಪ್ಪಿತು. ಓದಿಗೆ ಮರಳಿದರು, ಪದವಿ ಮುಗಿಸಿದರು, 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಆದರು, 2024ರ ಪ್ಯಾರಿಸ್‌ನಲ್ಲಿ ಇದೇ ಜೋಡಿ ಚಿನ್ನ ಗೆದ್ದಿತು. ಸ್ಪಾಕ್ ಗೆದ್ದ ಊರಿನಲ್ಲೇ, ಸರಿಯಾಗಿ ನೂರು ವರ್ಷಕ್ಕೆ. ನಂತರ ಸ್ಲೌ ಪಟ್ಟಣದ ಆಸ್ಪತ್ರೆಯಲ್ಲಿ ಕಿರಿಯ ವೈದ್ಯೆಯ ಕೆಲಸ ಅವರಿಗಾಗಿ ಕಾದಿತ್ತು.

ಕಲಬುರಗಿಯಲ್ಲಿ ನಾಲ್ಕು ವೈದ್ಯಕೀಯ ಕಾಲೇಜುಗಳಿವೆ. 1963ರಷ್ಟು ಹಳೆಯ ಮಹಾದೇವಪ್ಪ ರಾಂಪೂರೆ ಕಾಲೇಜು, ಜಿಮ್ಸ್, ಇಎಸ್‌ಐ, ಖಾಜಾ ಬಂದಾನವಾಜ್. ಇಲ್ಲಿ ಓದುವ ಮಕ್ಕಳಲ್ಲಿ ಕಬಡ್ಡಿ ಆಡಿದವರಿದ್ದಾರೆ, ಗರಡಿಯ ಮಣ್ಣು ಮೆತ್ತಿಕೊಂಡವರಿದ್ದಾರೆ, ಅಪ್ಪ ಹಮಾಲಿ ಮಾಡಿ ಓದಿಸಿದವರೂ ಇರಬೇಕು. ಅವರ ಮುಂದೆ ಒಂದು ಕೆಲಸ ಇಡುತ್ತೇನೆ. ಮಾರ್ಗನ್ ಎಣಿಸಿದ್ದು ಉಳ್ಳವರ ಮಕ್ಕಳ ಹೃದಯವನ್ನು. ದುಡಿಯುವವರ ಹೃದಯವನ್ನು ಎಣಿಸಿದವರು ಅಮೆರಿಕದ ರಾಲ್ಫ್ ಪ್ಯಾಫೆನ್‌ಬಾರ್ಗರ್. ಸ್ಯಾನ್ ಫ್ರಾನ್ಸಿಸ್ಕೋ ಬಂದರಿನ ಹಮಾಲರನ್ನು ಇಪ್ಪತ್ತೆರಡು ವರ್ಷ ಹಿಂಬಾಲಿಸಿ, ಹೆಚ್ಚು ಭಾರ ಹೊತ್ತವರಲ್ಲಿ ಹೃದ್ರೋಗದ ಸಾವು ಕಡಿಮೆ ಎಂದು ತೋರಿಸಿದರು. ಡೆನ್ಮಾರ್ಕಿನ ಈಚಿನ ಅಧ್ಯಯನಗಳು ಇದಕ್ಕೆ ಎದುರು ನಿಲ್ಲುತ್ತವೆ: ಬಿಡುವಿನ ವ್ಯಾಯಾಮ ಹೃದಯವನ್ನು ಕಾಯುತ್ತದೆ, ವಿಶ್ರಾಂತಿಯಿಲ್ಲದ ಕೂಲಿಯ ಶ್ರಮ ಕಾಯುವುದಿಲ್ಲ. ನೆಹರೂ ಗಂಜಿನಲ್ಲಿ ತೊಗರಿಯ ಹಂಗಾಮು ಬಂದರೆ ಬೆಳಗಿನಿಂದ ಲಾರಿಗೆ ಚೀಲ ಏರಿಸುವವರು, ನಲವತ್ತೆರಡು ಡಿಗ್ರಿಯ ಏಪ್ರಿಲ್ಲಿನಲ್ಲೂ ಬೆನ್ನು ಬಗ್ಗಿಸುವವರು ಈ ಎರಡರಲ್ಲಿ ಯಾವ ಸಾಲಿಗೆ ಸೇರುತ್ತಾರೆ? ಅವರ ವಯಸ್ಸು, ಹೊತ್ತ ವರ್ಷಗಳು, ನಡುವೆ ಸಿಕ್ಕ ವಿಶ್ರಾಂತಿ, ಕುಡಿದ ನೀರು, ಬಿ.ಪಿ., ಒಂದು ಇಸಿಜಿ, ತೀರಿಕೊಂಡವರದ್ದಾದರೆ ಮನೆಯವರ ಬಾಯಿಂದ ಕೊನೆಯ ದಿನಗಳ ವಿವರ. ಇಷ್ಟನ್ನು ಬರೆದುಕೊಳ್ಳುವ ಕೆಲಸ ಗಂಜಿನ ಕಟ್ಟೆಯ ಮೇಲೆ ಕೂತು ಶುರುವಾಗಬೇಕು, ಮತ್ತು ಬರೆದುಕೊಳ್ಳುವ ವಿದ್ಯಾರ್ಥಿ ಒಂದು ಚೀಲವನ್ನಾದರೂ ತಾನೇ ಹೊತ್ತು ನೋಡಿರಬೇಕು.